ಎಂಟನೇ ಹಾಡು

ಅಮೃತವ್ವನ ಹೆಬ್ಬೆರಳಿಗೆ ಸುತ್ತಿಕೊಂಡಿದ್ದ ಕೆಂಪು ಎಳೆಯನ್ನು ಬಿಡಿಸಲು ಕಾವೇರಿ ಎರಡು ಸಲ ನೋಡಿ, ಕಡೆಗೆ ಹಲ್ಲಿನಿಂದ ಕಡಿದಳು. ಬೆಳಿಗ್ಗೆ ಮಗ್ಗದ ಮೇಲೆಯೇ ಒರಗಿಹೋದ ಅತ್ತೆಯನ್ನು ಈಗ ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ. ಬೆಟಗೇರಿಯ ಆ ಓಣಿಯಲ್ಲಿ ಇಂದು ಒಂದು ಮಗ್ಗವೂ ಸದ್ದು ಮಾಡುತ್ತಿರಲಿಲ್ಲ.

"ಸೊಸಿ ಬಾಯಿನ ತೆಗೀವಲ್ಲಳು," ಎಂದಳು ಶಿರಹಟ್ಟಿಯಿಂದ ಬಂದಿದ್ದ ಗದಿಗೆವ್ವ, ಸತ್ತವಳ ತಂಗಿ. "ಹಾಡ್ಯಾಡಿ ಅಳಬೇಕವ್ವ. ನೀ ಶುರು ಮಾಡದ ನಾವು ಹೆಂಗ ದನಿ ಕೂಡಸೂದು?"

"ಬಿಡ ಗದಿಗೆವ್ವ, ದಿಗಿಲು ಬಡದೈತಿ ಅಕಿಗೆ," ಎಂದಳು ನೆರೆಮನೆಯ ಮಾಳವ್ವ.

"ದಿಗಿಲೋ, ಬಿಗುವೋ!"

ಕಾವೇರಿ ಕಡಿದ ಎಳೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಸತ್ತವಳ ಬಾಳನ್ನು ಸೊಸೆ ನುಡಿನುಡಿಯಾಗಿ ಹಾಡಿ ಅಳಬೇಕು, ಆಮೇಲೆ ಉಳಿದವರು. ಅವಳಿಗೆ ಒಂದು ನುಡಿಯೂ ಹೊಳೆಯಲಿಲ್ಲ. ಈ ಕಲ್ಲಿನಂಥ ಹೆಂಗಸಿನ ಬಗ್ಗೆ ಏನೆಂದು ಹಾಡಲಿ?

*

ಒಂಬತ್ತು ವರ್ಷದ ಹಿಂದೆ ಕಾವೇರಿಯ ಕೂಸು ಹನ್ನೊಂದನೇ ದಿನಕ್ಕೆ ಹೋಯಿತು. ತೊಟ್ಟಿಲಿಗೆ ಹಾಕಿ ಹೆಸರಿಡಲು ಎರಡೇ ದಿನ ಉಳಿದಿತ್ತು. ವಾಣಿಶ್ರೀ ಎಂಬ ಹೆಸರನ್ನು ಅವಳು ಅತ್ತೆಯ ಕಿವಿಯಲ್ಲಷ್ಟೇ ಹೇಳಿದ್ದಳು. ಅಮೃತವ್ವ ಒಂದು ಹನಿ ಕಣ್ಣೀರು ಹಾಕಲಿಲ್ಲ. "ಹಸಿಮೈಯಾಗ ಅಳಬಾರದು," ಎಂದು ಹಾಲು ಇಂಗಲೆಂದು ಸೊಸೆಯ ಎದೆಗೆ ಹಳೆಯ ಸೀರೆಯ ಪಟ್ಟಿ ಬಿಗಿದು ಕಟ್ಟಿ, ಮೂರನೇ ದಿನ ಮಗ್ಗದ ಕುಣಿಗೆ ಇಳಿದಳು. ಆ ಬೆಳಿಗ್ಗೆ ಲಾಳಿಯ ಸದ್ದು ಕೇಳಿದ ಮೇಲೆ ಕಾವೇರಿ ಇಷ್ಟು ವರ್ಷವೂ ಅತ್ತೆಯೊಡನೆ ಆಡಿದ್ದು ಮೂರೇ ಮಾತು: ಊಟ ಆತು, ಚಾ ಆತು, ನಳಾ ಬಂದಾವು.

*

ಮಧ್ಯಾಹ್ನ ಮೈದುನ ಹೊನ್ನೇಶ, ಗೆಳೆಯ ಮೊಹಸಿನನ ಜೊತೆ ಹುಬ್ಬಳ್ಳಿಯಿಂದ ಬಂದು ತಾಯಿಯ ಕಾಲ ಮೇಲೆ ಬಿದ್ದ. ಇಬ್ಬರದೂ ಒಂದು ರಾಕ್ ಬ್ಯಾಂಡು. ಹೋದ ವರ್ಷ ಇದೇ ಮನೆಯಲ್ಲಿ, ಎರವಲು ಮೈಕಿನಲ್ಲಿ, ತಾವೇ ಒಂದು ಆಲ್ಬಮ್ ಮಾಡಿದ್ದರು. ಮೊದಲ ಹಾಡಿನ ಗದ್ದಲಕ್ಕೇ ಕಾವೇರಿ ಎದ್ದುಹೋಗಿದ್ದಳು.

"ಎಂಥಾ ದನಿ ಇತ್ತು ನಮ್ಮಕ್ಕಂದು," ಗದಿಗೆವ್ವ ಮೂಗು ಒರೆಸಿಕೊಂಡಳು. "ಈ ಮನಿಗೆ ಬಂದು ಹಾಡೂದನ್ನ ಬಿಟ್ಲು."

"ಹಾಡ್ಯಾರ್ರಿ," ಎಂದ ಮೊಹಸಿನ. "ನಮ್ಮ ಆಲ್ಬಮ್‌ನಾಗ."

"ಆ ಗದ್ದಲದಾಗ? ನಮ್ಮ ಎಮ್ಮಿ ಎರಡು ದಿನ ಹಾಲ ಕೊಡಲಿಲ್ಲೋ ಅದಕ್ಕ!" ಎಂದಳು ಮಾಳವ್ವ.

"ಮಗ್ಗದ ಸಪ್ಪಳ ಬೇಕಂತ ಮೈಕ್ ಇಟ್ಟು ನಾವು ಹೊರಗ ಹೋಗಿದ್ವಿ," ಎಂದ ಮೊಹಸಿನ. "ಬಂದು ಕೇಳಿದ್ರ ಹಾಡು! ಮಾತು ಸರಿಯಾಗಿ ತಿಳಿಯಂಗಿಲ್ಲ, ಒಂದ ಹೆಸರು ಅಷ್ಟ ಕೇಳತೈತಿ. ವಿಮರ್ಶೆ ಬರದಾಂವ ನಮ್ಮ ಏಳೂ ಹಾಡು ಒಗದು ಒಣಾ ಹಾಕಿದ, 'ಮಂದಿ ಅಂಗಿ ತೊಟ್ಟಾವು' ಅಂತ. ಎಂಟನೇದು ಒಂದ ಖರೇವಂತ, ಹಳೇ ಜೋಗುಳಂತ. ಅದನ್ನ ನಡುವ ಕಡದು ನಿಲ್ಲಿಸಿದ್ದು ಭಾರಿ ಧೈರ್ಯ ಅಂತ ಹೊಗಳ್ಯಾನ. ನಾವೇನ್ ಕಡದಿಲ್ರಿ, ಅದ ನಿಂತಿತ್ತು."

ಕಾವೇರಿ ತಲೆಯೆತ್ತಿದಳು. "ಅತ್ತಿ ಏನಂದ್ರು?"

ಹೊನ್ನೇಶ ತಡವರಿಸಿದ. "'ಇರಲಿ ಬಿಡು, ನಿಮ್ಮ ವೈನಿಗಿ ಮಾತ್ರ ಕೇಳಸಬ್ಯಾಡ' ಅಂದ್ಲು."

"ಹಚ್ಚು."

"ವೈನಿ, ಈಗ್ಯಾಕ…"

"ಹಚ್ಚು ಅಂದೆ."

ಮೊಹಸಿನನ ಫೋನಿನಿಂದ ಮಗ್ಗದ ಸದ್ದು ಬಂತು. ಅದರ ಅಡಿಯಲ್ಲಿ, ಹಲ್ಲು ಕಚ್ಚಿ ಎಳೆದಂತೆ ಒಂದು ದನಿ. ಗದಿಗೆವ್ವ ಎದೆಗೆ ಕೈಯಿಟ್ಟುಕೊಂಡಳು. "ಜೋಗುಳಲ್ಲೋ ಹುಚ್ಚಪ್ಪಗಳಿರಾ! ಅಳಾಕತ್ತಾಳಲ್ಲೋ ನಮ್ಮಕ್ಕ!"

ಮಗ್ಗದ ಏಟುಗಳ ನಡುವೆ ಕಾವೇರಿಗೆ ನುಡಿಗಳು ಒಂದೊಂದಾಗಿ ತಿಳಿದವು.

"…ಹೆಸರ ಕರಿಯೂದ್ರಾಗ ಹೋದೆಲ್ಲ ನನ್ನ ವಾಣಿಶ್ರೀ… ನಿಮ್ಮವ್ವನ ಎದಿ ಕಟ್ಟಿದ ಕೈಲೆ ನನ ಬಾಯಿ ಕಟಗೊಂಡೆ… ನಿಮ್ಮವ್ವ ನಕ್ಕ ದಿನ ನಾ—"

"ಚಾ ಆತು!"

ಬಾಗಿಲಾಚೆಯಿಂದ ಬಂದ ಒರಟು ಕೂಗು. ದನಿ ಅಲ್ಲೇ ನಿಂತಿತು. ಲಾಳಿ ಮಾತ್ರ ಒಂದು ಏಟೂ ತಪ್ಪದೆ ಓಡುತ್ತಿತ್ತು.

"ಯಾರದು ನಡುವ ಒದರಿದ್ದು?" ಎಂದಳು ಮಾಳವ್ವ. ಹೊನ್ನೇಶ ನೆಲ ನೋಡಿದ.

ಕೂಗು ಕಾವೇರಿಯದೇ ಆಗಿತ್ತು. ಎಷ್ಟು ಸಂಜೆ ಹಾಗೆ ಕೂಗಿರಬಹುದು? ಅವಳು ತೆವಳಿಕೊಂಡು ಅತ್ತೆಯ ಹತ್ತಿರ ಹೋಗಿ ಮುಷ್ಟಿ ಬಿಚ್ಚಿದಳು. ಕಡಿದ ಎಳೆಯನ್ನು ಆ ಹೆಬ್ಬೆರಳಿಗೆ ಮತ್ತೆ ಸುತ್ತತೊಡಗಿದಳು. ಫೋನಿನಲ್ಲಿ ಮಗ್ಗ ನಡೆದೇ ಇತ್ತು. ಅದರ ಏಟಿಗೊಂದು ಸುತ್ತು. ನಾಲ್ಕನೇ ಸುತ್ತಿಗೆ ಅವಳ ಬಾಯಿ ತೆರೆಯಿತು.

"ನಕ್ಕ ದಿನ… ನಾ ನಕ್ಕ ದಿನ ನೀ ಏನ್ ಮಾಡಾಕಿದ್ದಿ, ಅತ್ತೀ…"

ಗದಿಗೆವ್ವ ಸೆರಗು ಬಾಯಿಗೊತ್ತಿ, ದನಿ ಕೂಡಿಸಲು ಮುಂದೆ ಸರಿದಳು.