ಜೀಪು ಎತ್ತರವಾಯಿತು, ಸ್ಟೀರಿಂಗ್ ಮರೆತೇಹೋಯಿತು

ಬೆಟ್ಟದ ಮೇಲಿನ ಕೇರಿಗೆ ಹೋಗುವ ದಾರಿಯನ್ನು ದಾರಿ ಎನ್ನುವುದೇ ತಪ್ಪು, ಅದು ಕಲ್ಲಿನ ರಾಶಿ. ಹಳ್ಳ ದಾಟುವಲ್ಲಂತೂ ಜೀಪಿನ ಹೊಟ್ಟೆ ಬಂಡೆಗೆ ಉಜ್ಜಿ ಕಿರ್ರೆನ್ನುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ತನ್ನ ಹೊಟ್ಟೆಯನ್ನೇ ಯಾರೋ ಗೀರಿದರೇನೋ ಎಂಬಂತೆ ಚಾಲಕ ಮುಖ ಹಿಂಡುತ್ತಿದ್ದ. ಅವನ ಫೋರ್ ವೀಲ್ ಡ್ರೈವ್ ಜೀಪೇ ಆ ಬೆಟ್ಟಕ್ಕೆ ಬಸ್ಸು, ಅದೇ ಆಂಬುಲೆನ್ಸು. ಅವನ ಹೆಂಡತಿ ಕೆಳಗಿನ ಆಸ್ಪತ್ರೆಯಲ್ಲಿ ನರ್ಸು. ಊರಿಗೆಲ್ಲ ಅವಳು ನರ್ಸಮ್ಮ.

ಒಂದು ಸಂಜೆ ಜೀಪು ಮನೆ ಮುಂದೆ ಬಂದು ನಿಂತಾಗ ನರ್ಸಮ್ಮನಿಗೆ ಗುರುತೇ ಸಿಗಲಿಲ್ಲ. ಒಂದು ಗೇಣು ಎತ್ತರವಾಗಿತ್ತು. ಟೈರುಗಳು ಟ್ರ್ಯಾಕ್ಟರಿನಿಂದ ಕದ್ದು ತಂದವುಗಳಂತಿದ್ದವು.

"ಹೇಗಿದೆ?" ಗಂಡ ಎದೆಯುಬ್ಬಿಸಿ ಕೇಳಿದ. "ಇನ್ನು ಯಾವ ಬಂಡೆಯೂ ಮುಟ್ಟಲ್ಲ."

ಅತ್ತೆ ಬಾಗಿಲಲ್ಲೇ ನಿಂತು ಕತ್ತೆತ್ತಿ ನೋಡಿದರು. "ಏಣಿಯನ್ನೂ ಜೊತೆಗೆ ಕೊಡ್ತಾರೇನಪ್ಪಾ? ನಾನು ಹತ್ತೋದು ಹೇಗೆ?"

"ರೀ, ಭಾವನ ಗ್ಯಾರೇಜಿಗೆ ಯಾಕೆ ಹೋಗಲಿಲ್ಲ?" ನರ್ಸಮ್ಮ ಕೇಳಿದಳು. ಭಾವ ಎಂದರೆ ಗಂಡನ ಅಣ್ಣ. ಪೇಟೆಯಲ್ಲಿ ಅವನದೇ ಗ್ಯಾರೇಜು.

"ಅಣ್ಣನಾ? ಅದು ಅಳೀಬೇಕು, ಇದು ನೋಡ್ಬೇಕು ಅಂತ ಗಾಡೀನ ವಾರಗಟ್ಟಲೆ ಇಟ್ಕೋತಾನೆ. ಟೈರ್ ಅಂಗಡಿಯ ಗೆಳೆಯ ಊಟದ ಹೊತ್ತಿಗೆಲ್ಲ ಮುಗಿಸಿಕೊಟ್ಟ. ಸ್ಪ್ರಿಂಗಿಗೆ ದಪ್ಪ ಬಿಲ್ಲೆ ಇಟ್ಟ, ದೊಡ್ಡ ಟೈರು ಹಾಕಿದ, ಆಯ್ತು."

ಮರುದಿನ ಅದೇ ಜೀಪಿನಲ್ಲಿ ಆಸ್ಪತ್ರೆಗೆ ಹೋಗುವಾಗ ನರ್ಸಮ್ಮ ಗಮನಿಸಿದಳು. ಗಾಡಿ ನೇರ ಹೋಗುತ್ತಿದೆ, ಸ್ಟೀರಿಂಗ್ ಚಕ್ರ ಮಾತ್ರ ಸೊಟ್ಟಗಿದೆ. ಸಣ್ಣ ಗುಂಡಿ ಹತ್ತಿದರೂ ಗಾಡಿ ತಾನಾಗಿಯೇ ಪಕ್ಕಕ್ಕೆ ಎಳೆಯುತ್ತದೆ. ಗಂಡನ ಎರಡೂ ಕೈ ಬಿಡುವಿಲ್ಲದೆ ಆ ಕಡೆ ಈ ಕಡೆ ತಿದ್ದುತ್ತಲೇ ಇವೆ.

"ಸ್ಟೀರಿಂಗ್ ಸೊಟ್ಟಗಿದೆಯಲ್ರೀ."

"ಹೊಸದಲ್ವಾ? ಓಡ್ತಾ ಓಡ್ತಾ ಒಗ್ಗಿಕೊಳ್ಳುತ್ತೆ."

"ಒಗ್ಗಿಕೊಳ್ಳೋಕೆ ಅದೇನು ಹೊಸ ಚಪ್ಪಲಿನಾ?"

"ನೀನು ಇಂಜೆಕ್ಷನ್ ಕೊಡು, ಗಾಡಿ ನನಗೆ ಬಿಡು," ಎಂದು ಗಂಡ ಮಾತು ಮುಗಿಸಿದ. ಅವಳಿಗೆ ಮೈ ಉರಿಯಿತು. ಆದರೆ ಇಳಿಯುವ ಹೊತ್ತಾಗಿತ್ತು, ಇಳಿದು ಹೋದಳು. ಅಲ್ಲಿಗೇ ಬಿಟ್ಟದ್ದಕ್ಕೆ ಆಮೇಲೆ ತನ್ನ ಮೇಲೂ ಅವಳಿಗೆ ಸಿಟ್ಟು ಬಂತು.

ಅದೇ ವಾರ ಬೆಟ್ಟದ ಮೇಲಿನ ಒಬ್ಬ ಹೆಂಗಸಿಗೆ ಹೆರಿಗೆ ನೋವು ಶುರುವಾಯಿತು. ಚೊಚ್ಚಲು. ನರ್ಸಮ್ಮ ಹೋಗಿ ನೋಡಿ, ಆಸ್ಪತ್ರೆಗೇ ಸಾಗಿಸಬೇಕು ಎಂದಳು. ಬಸುರಿಯನ್ನು ಆ ಎತ್ತರದ ಜೀಪಿಗೆ ಹತ್ತಿಸಲು ಅವಳ ತಾಯಿ ಮತ್ತು ಅಕ್ಕಪಕ್ಕದವರು ಸೇರಿ ಪಟ್ಟ ಪಾಡು ನೋಡಿಯೇ ನರ್ಸಮ್ಮ ಹಲ್ಲು ಕಚ್ಚಿದಳು.

ಹಳ್ಳವನ್ನೇನೋ ಜೀಪು ಸಲೀಸಾಗಿ ದಾಟಿತು. "ನೋಡಿದ್ಯಾ?" ಎಂಬಂತೆ ಗಂಡ ಕನ್ನಡಿಯಲ್ಲಿ ಅವಳನ್ನು ನೋಡಿದ. ಕಲ್ಲುದಾರಿ ಮುಗಿದು ಟಾರು ರಸ್ತೆ ಬಂತು. ಇಳಿಜಾರು, ಗಾಡಿಗೆ ವೇಗ ಬಂತು. ತಿರುವಿಗೆ ಮುಂಚೆ ಒಂದು ಗುಂಡಿ. ಚಕ್ರ ಅದಕ್ಕೆ ಬಡಿದದ್ದೇ ತಡ, ಸ್ಟೀರಿಂಗ್ ಗಡಗಡ ನಡುಗಲು ಶುರುವಾಯಿತು. ನಡುಕವಲ್ಲ ಅದು, ಹುಚ್ಚು ಹಿಡಿದಂಥ ಒದ್ದಾಟ. ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ಬಡಿದುಕೊಂಡವು. ಗಂಡನ ಹಿಡಿತ ಕಿತ್ತುಹೋಯಿತು. ಬಸುರಿ ಕಿರುಚಿದಳು. ಜೀಪು ರಸ್ತೆ ಬಿಟ್ಟು ಕಣಿವೆಯ ಕಡೆ ಹೊರಳಿತು.

ಹೇಗೋ ವೇಗ ಇಳಿಸಿ, ಗಂಡ ತಡೆಗೋಡೆಗೆ ಗಾಡಿಯನ್ನು ಉಜ್ಜಿಸಿ ನಿಲ್ಲಿಸಿದ. ಕಿಟಕಿಯ ಕೆಳಗೆ ಬರೀ ಗಾಳಿ.

ನರ್ಸಮ್ಮ ಬಸುರಿಯ ತಲೆಯನ್ನು ಎದೆಗೊತ್ತಿಕೊಂಡು, "ಏನೂ ಆಗಿಲ್ಲ ತಾಯಿ, ನಿಧಾನಕ್ಕೆ ಉಸಿರು ಬಿಡು," ಎಂದಳು. ದನಿ ಬೆಣ್ಣೆಯಂತಿತ್ತು. ಕನ್ನಡಿಯಲ್ಲಿ ಗಂಡನನ್ನು ನೋಡಿದ ಕಣ್ಣು ಹಾಗಿರಲಿಲ್ಲ.

"ನಿಧಾನವಾಗಿ ಹೋಗ್ತೀನಿ..." ಎಂದ ಗಂಡ.

"ಒಂದು ಹೆಜ್ಜೆ ಮುಂದೆ ಹೋಗಕೂಡದು! ಇಳೀರಿ. ರಸ್ತೆಗೆ ಅಡ್ಡ ನಿಂತ್ಕೊಂಡು ಯಾವ ಗಾಡಿ ಬರುತ್ತೋ ಅದನ್ನ ನಿಲ್ಲಿಸ್ರಿ."

ಬಂದದ್ದು ಹಾಲಿನ ವ್ಯಾನು. ಕ್ಯಾನುಗಳ ನಡುವೆ ಚಾದರ ಹಾಸಿ ಬಸುರಿಯನ್ನು ಮಲಗಿಸಿದರು. ವ್ಯಾನು ಆಸ್ಪತ್ರೆಯ ಗೇಟು ದಾಟುತ್ತಿದ್ದಂತೆ ಹೆರಿಗೆಯಾಯಿತು. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಉಳಿದರು. ಮಗುವನ್ನು ಒರೆಸಿ ಕೊಟ್ಟ ಮೇಲೆ ನರ್ಸಮ್ಮ ಸಿಟ್ಟಿನಲ್ಲೇ ಅಂಗಳಕ್ಕೆ ಬಂದಳು.

ಅಷ್ಟರಲ್ಲಿ, ವ್ಯಾನಿನಲ್ಲೇ ಜೊತೆಗೆ ಬಂದಿದ್ದ ಗಂಡ ಗೆಳೆಯನಿಗೆ ಫೋನು ಮಾಡಿಯಾಗಿತ್ತು. "ಸ್ಟೀರಿಂಗಿಗೆ ಒಂದು ಡ್ಯಾಂಪರ್ ಹಾಕಿದ್ರೆ ನಡುಕ ನಿಲ್ಲುತ್ತಂತೆ. ಚಿಕ್ಕ ಕೆಲಸ."

"ಇನ್ನೂ ಅವನ ಮಾತೇ ಕೇಳ್ತೀರಾ?" ನರ್ಸಮ್ಮ ಆಸ್ಪತ್ರೆಯ ಅಂಗಳದಲ್ಲೇ ದನಿ ಎತ್ತಿದಳು. "ಜ್ವರ ಯಾಕೆ ಬಂತು ಅಂತ ನೋಡದೆ ಬರೀ ಮಾತ್ರೆ ನುಂಗಿಸೋರನ್ನ ನಾನು ದಿನಾ ಬೈತೀನಿ. ನನ್ನ ಮನೇಲೇ ಒಬ್ಬರು ಇದ್ದಾರಲ್ಲ! ಗಾಡೀನ ಲಾರಿ ಮೇಲೆ ಹಾಕ್ಸಿ ಭಾವನ ಹತ್ರ ಕಳಿಸ್ರಿ. ಓಡಿಸಿದ್ರೆ ನೋಡಿ ಮತ್ತೆ!"

ಅಂದೇ ಸಂಜೆ ಭಾವ ಜೀಪನ್ನು ರ‍್ಯಾಂಪಿಗೆ ಏರಿಸಿ, ಟಾರ್ಚು ಹಿಡಿದು ಕೆಳಗೆ ಹೋಗಿ ಒಂದೊಂದೇ ಭಾಗವನ್ನು ಅಲ್ಲಾಡಿಸಿ ನೋಡಿದ. ಆಮೇಲೆ ಕರೆದ. "ಬಾರೋ ಇಲ್ಲಿ. ನೀನೂ ಬಾರಮ್ಮ."

ಮೂವರೂ ಜೀಪಿನ ಅಡಿಯಲ್ಲಿ ನಿಂತರು.

"ಇದು ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗೋ ರಾಡು. ಮೊದಲು ಹೆಚ್ಚುಕಮ್ಮಿ ಮಟ್ಟಸವಾಗಿತ್ತು. ಗಾಡಿ ಮೇಲೆ ಹೋಯ್ತು, ಎರಡು ಚಕ್ರ ಸೇರಿಸೋ ಆಕ್ಸಲ್ ಕೆಳಗೇ ಉಳೀತು. ಈಗ ರಾಡು ಜಾರುಬಂಡೆ ಥರ ಓರೆಯಾಗಿದೆ. ಗುಂಡಿ ಸಿಕ್ಕಾಗಲೆಲ್ಲ ನೀನು ತಿರುಗಿಸದಿದ್ರೂ ಚಕ್ರ ತಿರುಗುತ್ತೆ."

"ಸ್ಟೀರಿಂಗ್ ಸೊಟ್ಟಗಿದ್ದದ್ದು ಅದಕ್ಕೇನಾ ಭಾವ?" ನರ್ಸಮ್ಮ ಕೇಳಿದಳು.

"ಅದಕ್ಕೇ. ಇನ್ನು ಇದು, ಆಕ್ಸಲ್ ಪಕ್ಕಕ್ಕೆ ಸರಿಯದ ಹಾಗೆ ಹಿಡಿಯೋ ಅಡ್ಡ ರಾಡು. ಉದ್ದ ಸಾಲದೆ ಆಕ್ಸಲ್ಲನ್ನೇ ಒಂದು ಬದಿಗೆ ಎಳೆದಿದೆ. ಇದರ ಬೋಲ್ಟು ಸಡಿಲ, ಕೈಯಲ್ಲೇ ಅಲ್ಲಾಡುತ್ತೆ ನೋಡು. ಆ ಹುಚ್ಚು ನಡುಕಕ್ಕೆ ಮುಖ್ಯ ಕಾರಣ ಇದೇ. ಇದರ ಜೊತೆಗೆ ಕ್ಯಾಸ್ಟರ್ ಕೋನ ಕಮ್ಮಿಯಾಗಿದೆ."

"ಅದೇನದು?"

"ಸೈಕಲ್ಲಿನ ಮುಂದಿನ ಫೋರ್ಕು ಸ್ವಲ್ಪ ಓರೆಯಾಗಿರುತ್ತಲ್ಲಮ್ಮ? ಅದಕ್ಕೇ ಹ್ಯಾಂಡಲ್ ತಾನಾಗಿ ನೇರಕ್ಕೆ ಬರುತ್ತೆ. ಜೀಪಿನಲ್ಲೂ ಆ ಓರೆ ಇರಬೇಕು. ಎತ್ತರ ಮಾಡಿದಾಗ ಅದು ಹಾಳಾಯ್ತು. ಗಾಡಿ ಅಲೆಯೋಕೆ ಶುರುವಾಯ್ತು."

"ಇಷ್ಟೊಂದಾ?" ಗಂಡ ಗೊಣಗಿದ. "ಎಲ್ಲರೂ ಎತ್ತರ ಮಾಡಿಸ್ತಾರಲ್ಲಣ್ಣ. ಯಾರಿಗೂ ಏನೂ ಆಗಿಲ್ಲ."

ಭಾವ ಸ್ಪ್ಯಾನರನ್ನು ನೆಲಕ್ಕೆ ಒಗೆದ. "ಮುಂದಿನ ಬ್ರೇಕಿನ ಪೈಪು ಮುಟ್ಟಿ ನೋಡು!"

ಗಂಡ ಮುಟ್ಟಿದ. ರಬ್ಬರಿನ ಪೈಪು ತಂತಿಯ ಹಾಗೆ ಬಿಗಿದಿತ್ತು. ಒಂದು ಕಡೆ ಸೀಳು ಬಿಟ್ಟಿತ್ತು.

"ಚಕ್ರ ಇನ್ನೊಂದು ಸ್ವಲ್ಪ ಕೆಳಗೆ ಜಗ್ಗಿದ್ರೆ ಇದು ಹರೀತಿತ್ತು. ಆ ಇಳಿಜಾರಿನಲ್ಲಿ, ಹಿಂದೆ ಬಸುರಿ ಹೆಂಗಸನ್ನ ಕೂರಿಸಿಕೊಂಡು, ಬ್ರೇಕಿಲ್ಲದೆ. ಹೇಳು, ಏನೂ ಆಗ್ತಿರಲಿಲ್ವಾ?"

ಗಂಡ ಕೈ ಹಿಂದೆಗೆದ. ಮುಖ ಬಿಳಿಚಿಕೊಂಡಿತ್ತು. ಬಗ್ಗಿ ಸ್ಪ್ಯಾನರನ್ನು ಎತ್ತಿ ಅಣ್ಣನ ಕೈಗೆ ಕೊಟ್ಟ.

ನರ್ಸಮ್ಮ ನೇರ ಟೈರ್ ಅಂಗಡಿಗೆ ನಡೆದಳು. ಗೆಳೆಯ ನಗುತ್ತಲೇ ಎದ್ದ. "ಬನ್ನಿ ಅತ್ತಿಗೆ."

"ಸ್ಟೀರಿಂಗ್ ಯಾಕೆ ಸರಿ ಮಾಡಲಿಲ್ಲ?"

"ಅವನು ಎತ್ತರ ಮಾಡು ಅಂದ, ಮಾಡಿದೆ. ಸ್ಟೀರಿಂಗ್ ಬಗ್ಗೆ ಕೇಳಲೇ ಇಲ್ವಲ್ಲ."

"ಅವರಿಗೆ ಗೊತ್ತಿಲ್ಲ, ಕೇಳಲಿಲ್ಲ. ನಿಮಗೆ ಗೊತ್ತಿತ್ತಲ್ಲ? ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ್ರಾ? ಇವತ್ತು ಹುಟ್ಟಿದ ಮಗು ಕಣಿವೆ ಪಾಲಾಗೋದ್ರಲ್ಲಿತ್ತು. ಅದರ ಅಜ್ಜಿ ಎದುರು ನಿಂತು ಇದೇ ಮಾತು ಹೇಳ್ತೀರಾ? ಬನ್ನಿ, ಆಸ್ಪತ್ರೆ ಹತ್ರವೇ ಇದೆ."

ಅವನ ನಗು ಆರಿತು. ಅಂಗಡಿಯಲ್ಲಿದ್ದವರೆಲ್ಲ ಅವನನ್ನೇ ನೋಡಿದರು. ಅವನು ಬರಲಿಲ್ಲ.

ಭಾವ ದಪ್ಪ ಬಿಲ್ಲೆಗಳನ್ನು ಕಿತ್ತೆಸೆದ. ಹಳ್ಳ ದಾಟಲು ಎಷ್ಟು ಬೇಕೋ ಅಷ್ಟೇ ಎತ್ತರದ ಸ್ಪ್ರಿಂಗು ಹಾಕಿ, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರು, ಉದ್ದದ ಬ್ರೇಕ್ ಪೈಪು, ಸರಿಹೊಂದಿಸಬಹುದಾದ ಅಡ್ಡ ರಾಡು ಜೋಡಿಸಿದ. ಸ್ಟೀರಿಂಗ್ ರಾಡಿನ ಓರೆ ತಗ್ಗಿಸಿದ. ಕ್ಯಾಸ್ಟರ್ ತಿದ್ದಿ, ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿದ. ಆಕಾಶ ನೋಡುತ್ತಿದ್ದ ಹೆಡ್‌ಲೈಟನ್ನೂ ತಗ್ಗಿಸಿದ. ವಾರ ಹಿಡಿಯಿತು. ಗಂಡ ದಿನವೂ ಪಕ್ಕದಲ್ಲೇ ನಿಂತಿದ್ದ, ಬೇಗ ಮುಗಿಸು ಎಂದು ಒಮ್ಮೆಯೂ ಅನ್ನಲಿಲ್ಲ.

"ಸ್ವಲ್ಪ ದಿನ ಓಡಿಸಿ ತಿರುಗಾ ತಾ. ಬೋಲ್ಟೆಲ್ಲ ಮತ್ತೊಮ್ಮೆ ಬಿಗೀಬೇಕು," ಎಂದ ಭಾವ.

"ತರ್ತೀನಿ ಅಣ್ಣ."

ಮೊದಲ ಸವಾರಿಗೆ ಅತ್ತೆಯೂ ಬಂದರು, ಸೊಸೆಯ ಕೈ ಹಿಡಿದು ಹತ್ತಿದರು. ತಿರುವು ದಾಟಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬಂತು. ಗುಂಡಿ ಹತ್ತಿದರೂ ಗಾಡಿ ದಾರಿ ಬಿಡಲಿಲ್ಲ.

ಜೀಪ್ ನಿಲ್ದಾಣದಲ್ಲಿ ಇನ್ನೊಂದು ಗಾಡಿ ನಿಂತಿತ್ತು. ಅದೇ ಅಂಗಡಿಯ ದಪ್ಪ ಬಿಲ್ಲೆ, ಅದೇ ದೊಡ್ಡ ಟೈರು. ಒಳಗೆ ಶಾಲೆಯ ಮಕ್ಕಳು. ಗಂಡ ಹಾರಿ ಇಳಿದು ಅದರ ಬಾನೆಟ್ಟಿಗೆ ಅಂಗೈ ಬಡಿದ.

"ಮಕ್ಕಳನ್ನ ಇಳಿಸು!"

"ಏನಾಯ್ತೋ ನಿನಗೆ? ಗಾಡಿ ಚೆನ್ನಾಗೇ ಓಡ್ತಿದೆ," ಎಂದ ಆ ಚಾಲಕ.

"ನಂದೂ ಚೆನ್ನಾಗೇ ಓಡ್ತಿತ್ತು, ಆ ಗುಂಡಿ ಬರೋವರೆಗೆ. ಇಳಿಸು ಅಂದೆ!" ಎಂದು ಗಂಡ ತಾನೇ ಬಾಗಿಲು ತೆಗೆದು ಒಬ್ಬೊಬ್ಬರನ್ನೇ ಎತ್ತಿ ಇಳಿಸತೊಡಗಿದ.

ನರ್ಸಮ್ಮ ಇಳಿದು ಹೋಗಿ ಅವನ ಪಕ್ಕದಲ್ಲಿ ನಿಂತಳು, ಮಕ್ಕಳ ಚೀಲಗಳನ್ನು ತೆಗೆದುಕೊಳ್ಳಲು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯನ್ನು ಎತ್ತರ ಮಾಡಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ಅನುಮತಿ ಕೇಳಿ. ಮಾಡಿಸುವುದಾದರೆ ಸ್ಟೀರಿಂಗ್ ರಾಡು, ಅಡ್ಡ ರಾಡು, ಕ್ಯಾಸ್ಟರ್, ಶಾಕ್, ಬ್ರೇಕ್ ಪೈಪು, ಅಲೈನ್‌ಮೆಂಟ್ ಎಲ್ಲವನ್ನೂ ಬಲ್ಲವರಿಂದ ಒಟ್ಟಿಗೇ ಸರಿ ಮಾಡಿಸಿ. ಈಗಾಗಲೇ ಎತ್ತರವಾದ ಗಾಡಿ ಎಳೆಯುತ್ತಿದ್ದರೆ, ನಡುಗುತ್ತಿದ್ದರೆ, ಇವತ್ತೇ ನಿಲ್ಲಿಸಿ ತೋರಿಸಿ. ಕೂತು ಹೋಗುವವರೂ ಸುಮ್ಮನಿರಬೇಡಿ. ಸ್ಟೀರಿಂಗ್ ಸೊಟ್ಟಗಿದೆಯಲ್ಲ ಎಂದು ಬಾಯಿಬಿಟ್ಟು ಕೇಳಿ. ಚಾಲಕ ಸಿಟ್ಟಾದರೆ ಆಗಲಿ. ನೀವು ಇಳಿದುಬಿಡಿ.