ಗೋಲ್‌ಕೀಪರನ ಕೈ

ಹದ್ದಿನ ನೆರಳೊಂದು ಗೋಲಿನ ಮುಂದಿನ ಹುಲ್ಲಿನ ಮೇಲೆ ಸರಿಯಿತು, ಚೆಂಡೆಂದು ತಿಳಿದು ನಾನಾಗಲೇ ಅರ್ಧ ಬಾಗಿದ್ದೆ, ಚೆಂಡು ಇರುವುದು ಆ ತುದಿಯಲ್ಲಿ, ಕ್ಯಾಂಪಿನ ಗೋರಾ ಸಿಪಾಯಿಗಳ ಬೂಟುಗಳ ನಡುವೆ — ಬಾಗಿದೊಡನೆ ಬಲತೊಡೆಯ ಸಂದಿಯಲ್ಲಿ ಚಳುಕು, ಇದೆ, ಇನ್ನೂ ಅಲ್ಲಿಯೇ ಇದೆ, ಬೆಳಿಗ್ಗೆ ಅಡಿಕೆಯಷ್ಟಿತ್ತು, ಈಗ ನೆಲ್ಲಿಕಾಯಿಯಷ್ಟಾಗಿದೆಯೋ ಏನೋ, ಮುಟ್ಟಬೇಡ ರಾಮಲಿಂಗಪ್ಪ, ಅರ್ಧ ಪುಣೆ ಬಂದು ಕೂತಿದೆ, ಫೈನಲ್ ಮ್ಯಾಚಿನಲ್ಲಿ ಕಾಲೇಜಿನ ಗೋಲ್‌ಕೀಪರ್ ಚಡ್ಡಿಯೊಳಗೆ ಕೈಯಿಟ್ಟು ನಿಂತರೆ ನಗುತ್ತಾರೆ, ನಗಲಿ, ನಗೆಯಿಂದ ಯಾರೂ ಸಾಯುವುದಿಲ್ಲ, ಸಂದಿಯಲ್ಲೋ ಕಂಕುಳಲ್ಲೋ ಏಳುವ ಗಡ್ಡೆಯಿಂದ ಸಾಯುತ್ತಾರೆ. ಪ್ಲೇಗು. ಅಂದುಬಿಟ್ಟೆ, ಮನಸ್ಸಿನೊಳಗೇ ಆದರೂ ಅಂದುಬಿಟ್ಟೆ, ಹೆಸರು ಹೇಳಿದರೆ ಬರುತ್ತದಂತೆ, ಬಂದಾಗಿದೆಯಲ್ಲ, ಇನ್ನೇನು ಬರುವುದು — ಸೋಮವಾರ ಬೆಳಿಗ್ಗೆ ಕಾಲಿಗೆ ಸುತ್ತುವ ಪಟ್ಟಿಗೆಂದು ಟ್ರಂಕು ಸರಿಸಿದೆ, ಹಿಂದೆ ಇಲಿ, ಅಂಗಾತ ಬಿದ್ದಿತ್ತು, ಮೂತಿಯ ಹತ್ತಿರ ಒಂದು ಹನಿ ರಕ್ತ, ನಾನು ಕಿರುಚಿದೆ, ಮಂಚದ ಮೇಲೆ ಹತ್ತಿ ನಿಂತೆ, ಧೈರ್ಯದಲ್ಲಿ ನಮ್ಮ ಮನೆತನದಲ್ಲೇ ನನ್ನನ್ನು ಮೀರಿಸಿದವರಿಲ್ಲ. ಇಲಿ ಬಿದ್ದರೆ ಮನೆ ಬಿಡಬೇಕು, ಬಿಜಾಪುರದಲ್ಲೂ ಇದೇ, ಇಲ್ಲೂ ಇದೇ, ಗಡಿಗೆ ಚಾಪೆ ಹೊತ್ತುಕೊಂಡು ಊರ ಹೊರಗೆ ತಟ್ಟಿಯ ಗುಡಿಸಲಿಗೆ ನಡೆಯಬೇಕು, ಆಮೇಲೆ ನಾವಿರುವ ವಾಡೆಗೆ ಬೀಗ, ಕಾಲೇಜಿಗೆ ಬೀಗ, ಫೈನಲಿಗೂ ಬೀಗ. ದಿಗಂಬರ ಬಾಗಿಲು ಮುಚ್ಚಿದ. ನಮ್ಮ ಕ್ಯಾಪ್ಟನ್, ನನ್ನ ಕೋಣೆಯ ಜೊತೆಗಾರ. ಲೇ ಒದರಬ್ಯಾಡ, ಯಾರಿಗೂ ಹೇಳಬ್ಯಾಡ, ಶನಿವಾರ ಮ್ಯಾಚ್ ಮುಗೀಲಿ, ಆಮ್ಯಾಲ ನಾನೇ ಹೋಗಿ ಹೇಳ್ತೀನಿ. ನಾನು ಹೂಂ ಅಂದೆ. ಹೂಂ ಅನ್ನಲು ನನಗೆ ಎಂದೂ ಹೆದರಿಕೆಯಾಗಿಲ್ಲ.

ಸಾಂಭಾಳ್ ರೇ, ಹುಷಾರು, ನಮ್ಮ ತಂಡದ ಭುಜಂಗ ಕೂಗುತ್ತಿದ್ದಾನೆ, ಬಂತು, ಬೂಟಿನಿಂದ ಬಂದ ಚೆಂಡಿನ ಸದ್ದೇ ಬೇರೆ, ಎದೆಗೆ ಬಿತ್ತು, ಹಿಡಿದೆ, ಒಗೆದೆ. ಹೀಗೆಯೇ ಬಂದೆವಲ್ಲ ಇಲ್ಲಿಯತನಕ, ಮಳೆಗಾಲದ ಕೆಸರಿನಲ್ಲಿ ಅಭ್ಯಾಸದ ಮೊದಲ ಮ್ಯಾಚು ಸೋತಾಗ ಬರಿಗಾಲಿನ ಭಟ್ಟರು ಎಂದು ನಕ್ಕವರೆಲ್ಲ ಈಗ ಪೇಟ ಹಾರಿಸುತ್ತಿದ್ದಾರೆ, ಒಂದೊಂದೇ ತಂಡವನ್ನು ಕೆಡವುತ್ತ ಬಂದೆವು, ಸೆಮಿಫೈನಲಿನಲ್ಲಿ ಸಿಪಾಯಿಯೊಬ್ಬ ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ಬೂಟಿಟ್ಟ, ಉಗುರು ಹೋಯಿತು, ಗೆದ್ದೆವು, ಬೆರಳಿಗೆ ಅರಿಶಿನ ಮೆತ್ತಿದವಳು ಖಾನಾವಳಿಯ ಕಲ್ಲವ್ವ. ಇವತ್ತು ಬೆಳಿಗ್ಗೆ ಅವಳನ್ನೇ ಕೇಳಿದೆ, ನನ್ನ ಗೆಳೆಯನೊಬ್ಬನಿಗೆ ತೊಡೆಸಂದಿಯಲ್ಲಿ ಗಂಟು ಬಂದಿದೆ, ಏನಿರಬಹುದು ಎಂದು. ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ ಮಹಾತಾಯಿ, ನಿನ್ನ ಗೆಳೆಯಾಗೂ ಬೆರಳಿನ ಉಗುರು ಹೋಗೇದೇನೋ ತಮ್ಮಾ, ಕಾಲಿಗೆ ಗಾಯ ಆದ್ರ ಸಂದಿಗೆ ಗಳಲಿ ಕಟ್ಟತದ, ಜ್ವರ ಇಲ್ಲಂದ್ರ ಅಂಜಬ್ಯಾಡ ಅಂತ ಹೇಳು ಅವಗ. ಅವಳಿಗೆ ಇಲಿಯ ಸುದ್ದಿ ಗೊತ್ತಿಲ್ಲ. ಗೊತ್ತಿದ್ದರೆ ಒಲೆ ಆರಿಸಿ ಓಡುತ್ತಿದ್ದಳು. ನನ್ನ ತಾಟಿನಲ್ಲಿ ಅವಳ ಮೊಮ್ಮಗಳು ಉಂಡಿದ್ದಾಳೆ — ಅಯ್ಯೋ ಶಿವನೇ, ಅದನ್ನು ಈಗ ನೆನೆಯಬಾರದು. ಜ್ವರ ಇದೆಯೇ, ಹಣೆ ಸುಡುತ್ತಿದೆ, ಬಿಸಿಲಿಗೆ ಎಲ್ಲರ ಹಣೆಯೂ ಸುಡುತ್ತದೆ. ಅರ್ಧ ಹೊತ್ತಿನ ಸೀಟಿ ಊದಿದಾಗ ತಡೆಯಲಾಗಲಿಲ್ಲ, ದಿಗಂಬರನ ಪಕ್ಕಕ್ಕೆ ಹೋಗಿ ಪಿಸುಗುಟ್ಟಿದೆ, ದಿಗ್ಯಾ, ನನಗ ಗಡ್ಡಿ ಬಂದಂಗದ. ಅವನು ನನ್ನನ್ನು ನೋಡಿದ, ಕಣ್ಣು ಕೆಂಪಗಿದ್ದವು, ಧೂಳು ಇರಬೇಕು. ಸುಮ್ನ ಆಡೋ ಮಾರಾಯಾ, ಮುಗೀಲಿ, ನಾನೂ ನಿನಗೊಂದು ಹೇಳೋದದ. ಎಡಗೈಯಲ್ಲಿ ಚೊಂಬು ಎತ್ತಿ ನೀರು ಬಾಯಿಗೆ ಹೊಯ್ದುಕೊಂಡ, ಅರ್ಧ ಎದೆಯ ಮೇಲೆ ಚೆಲ್ಲಿತು, ಯಾರೋ ನಕ್ಕರು, ಏನೋ ಬಾಮಣಾ, ಎಡಗೈಲೆ ಕುಡೀತಿ. ಅವನು ನಗಲಿಲ್ಲ. ನಾನು ಸಾಯುತ್ತಿದ್ದೇನೆ, ಇವನಿಗೆ ಗೆಲ್ಲುವ ಕಪ್ಪಿನ ಚಿಂತೆ, ಎಂಥ ಗೆಳೆಯ ಎಂದು ನನಗೆ ಸಿಟ್ಟು ಬಂತು.

ಭುಜಂಗ ಗೋಲು ಹೊಡೆದ. ಹೊಡೆದನೇ, ಹೌದು, ಟೋಪಿಗಳು ಹಾರುತ್ತಿವೆ, ಇನ್ನು ನನ್ನ ಕೈಯಲ್ಲಿದೆ, ಸ್ವಲ್ಪ ಹೊತ್ತು ಸಾಯದೆ ಇದ್ದರೆ ಸಾಕು. ಚೆಂಡು ಗೆರೆಯಾಚೆ ಹೋಯಿತು, ಎರಡು ಕೈಯಲ್ಲಿ ತಲೆಯ ಮೇಲಿಂದ ಒಳಗೆಸೆಯಬೇಕು, ಅದು ಯಾವತ್ತೂ ದಿಗಂಬರನ ಕೆಲಸ, ಇವತ್ತು ನೀ ಒಗಿ ಎಂದು ಭುಜಂಗನಿಗೆ ಕೈಸನ್ನೆ ಮಾಡುತ್ತಾನೆ, ಯಾಕೆ, ಆಮೇಲೆ, ಆಮೇಲೆ, ಬಂದರು, ಕೆಂಪು ಮೀಸೆಯವನು ಬೂಟು ಎತ್ತಿದ, ನಾನು ಹಾರಿದೆ, ಎರಡೂ ಅಂಗೈ ಉರಿದವು, ಚೆಂಡು ಹೊಟ್ಟೆಯ ಕೆಳಗೆ, ಬಿಡಲಿಲ್ಲ, ಮಣ್ಣು ಬಾಯೊಳಗೆ, ಸೀಟಿ, ಉದ್ದನೆಯ ಸೀಟಿ, ಗೆದ್ದೆವು. ಎದ್ದು ನಿಂತೆ. ಮೈಯೆಲ್ಲ ತಣ್ಣನೆಯ ಬೆವರು, ಹಣೆ ತಣ್ಣಗಿದೆ, ಹಸಿವೆ ಬೇರೆ, ಇದೆಂಥ ಪ್ಲೇಗು ಹಸಿಯುವುದು, ಸಂದಿಯನ್ನು ಒತ್ತಿ ನೋಡಿದೆ, ಅಡಿಕೆಯೇ, ಅಡಿಕೆಗಿಂತ ಹೆಚ್ಚಿಲ್ಲ, ಕಲ್ಲವ್ವ ಹೇಳಿದ್ದೇ ನಿಜ, ಬೆರಳಿನ ಗಾಯದ ಗಳಲೆ, ನಾನು ಸಾಯುವುದಿಲ್ಲ, ನಾನು ಸಾಯುವುದಿಲ್ಲ, ಇದನ್ನು ಮೊದಲು ದಿಗಂಬರನಿಗೆ ಹೇಳಬೇಕು. ಎಲ್ಲರೂ ಎರಡೂ ಕೈ ಎತ್ತಿ ಕುಣಿಯುತ್ತಿದ್ದಾರೆ. ಅವನು ನಡುಮೈದಾನದಲ್ಲಿ ನಿಂತಿದ್ದಾನೆ, ಕುಡಿದವನ ಹಾಗೆ ತೂರಾಡುತ್ತ, ಎಡಗೈ ಮಾತ್ರ ಎತ್ತಿದ್ದಾನೆ. ಬಲಗೈ ಮೈಗೆ ತಾಗದಂತೆ ದೂರ ಹಿಡಿದಿದ್ದಾನೆ, ಕಂಕುಳಲ್ಲಿ ಏನೋ ಇಟ್ಟುಕೊಂಡವನ ಹಾಗೆ. ಚೊಂಬು ಎಡಗೈಯಲ್ಲಿ. ಚೆಂಡು ಭುಜಂಗನಿಗೆ. ನಾನೂ ನಿನಗೊಂದು ಹೇಳೋದದ. ಸೋಮವಾರ ನಾನು ಮಂಚದಿಂದ ಇಳಿದು ಇಲಿಯನ್ನು ಹೊರಗೆ ಒಗೀತೀನಿ ಅಂದಿದ್ದೆ, ಬಾಯಿಮಾತಿಗೆ ಅಂದಿದ್ದೆ, ಅವನು ನನ್ನನ್ನು ಹಿಂದಕ್ಕೆ ತಳ್ಳಿದ್ದ, ನೀ ಮುಟ್ಟಬ್ಯಾಡ, ಗೋಲ್‌ಕೀಪರನ ಕೈ ಅವು, ನನಗ ಬೇಕಾಗ್ಯಾವ, ನಾ ಕಾಲಿಲೆ ಆಡಾಂವ, ನನಗ್ಯಾಕ ಕೈ — ಎಂದು ನಗುತ್ತ ಬಾಗಿದ್ದ, ಬಲಗೈಯ ಎರಡು ಬೆರಳು, ಬೆರಳ ನಡುವೆ ಬಾಲ, ಬಾಲದ ತುದಿಗೆ ತೂಗುವ ಇಲಿ, ಅದರ ಮೂತಿಯಲ್ಲಿ ಆ ಹನಿ, ಬೀಳುತ್ತಿಲ್ಲ, ಆ ಹನಿ ಬೀಳುತ್ತಿಲ್ಲ, ಅವನ ಎರಡು ಬೆರಳು, ಬಾಲ, ಇಲಿ —