ಅಂಗಾಲಿನ ಬಿಳಿ ಗುರುತು

ಎರಡು ಅಂಗಾಲು, ಮಗುವನ್ನು ಬೆನ್ನಿಗೆ ಕಟ್ಟಿದ ಚಿತೆಂಜೆ ಬಟ್ಟೆಯ ಹಳದಿ ಹೂಗಳ ಕೆಳಗೆ, ತಾಯಿಯ ಸೊಂಟದ ಆಚೆಗೊಂದು ಈಚೆಗೊಂದು, ಮಿಸುಕುತ್ತಿಲ್ಲ, ನಿದ್ದೆ ಇರಬೇಕು, ಬೆನ್ನಿನ ಬಿಸಿಗೆ ಮಕ್ಕಳಿಗೆ ನಿದ್ದೆ ಹತ್ತುತ್ತದೆ — ಆಸ್ಪತ್ರೆಯ ಬಾಗಿಲಲ್ಲಿ ಕೂತ ದಾದಿ ಎನಿಫಾ ಪೆನ್ನು ಎತ್ತಿಕೊಂಡಳು, ಮತ್ತೆ ಇಟ್ಟಳು, ನೆನೆಹಾಕಿ ಬಂದ ಕಾಳನ್ನು ಮಗಳು ಒಲೆಗೇರಿಸಿದಳೋ ಇಲ್ಲವೋ, ಇವತ್ತು ಏಳುವಂತಿಲ್ಲ, ಅಧ್ಯಯನಕ್ಕೆಂದು ಚೀಟಿ ಎತ್ತಿದಾಗ ಬಂದದ್ದು ಹಳೆಯ ಪದ್ಧತಿಯ ದಿನ, ಬಂದವರು ಬಂದ ಹಾಗೆ ಸಾಲಿನಲ್ಲಿ ನಿಲ್ಲಬೇಕು, ದಾದಿ ಬಾಗಿಲಲ್ಲಿ ಕೂತು ಬರೆದುಕೊಳ್ಳಬೇಕು; ನಿನ್ನೆಯದು ಕಾಲಿನ ದಿನ, ಸಾಲಿನುದ್ದಕ್ಕೂ ನಡೆದು, ಪ್ರತಿ ತಾಯಿಯನ್ನೂ ಕೇಳಿ, ಬೆನ್ನ ಮೇಲಿನ ಮಗುವಿನ ಅಂಗಾಲನ್ನು ಹೆಬ್ಬೆರಳಲ್ಲಿ ಒತ್ತಿ ಬಿಡುವುದು, ಬೆಳ್ಳಗಾದ ಜಾಗಕ್ಕೆ ರಕ್ತ ಮರಳಲು ತಡವಾದರೆ ಆ ಮಗು ಮೊದಲು ಒಳಗೆ, ಅಷ್ಟೆ. ಗೋಗೊ ಒಬ್ಬಳು ನಕ್ಕಿದ್ದಳು, ಬೊಚ್ಚು ಬಾಯಿಯ ಮುದುಕಿ, ನೋಡ್ರೇ, ಇಷ್ಟು ವರ್ಷ ನಾವು ಆಸ್ಪತ್ರೆಯೋರ ಕಾಲು ಹಿಡಿದ್ವಿ, ಈಗ ಅವರೇ ನಮ್ಮ ಮೊಮ್ಮಕ್ಕಳ ಕಾಲು ಹಿಡೀತಿದಾರೆ. ನಗಲಿ, ಬಟ್ಟೆ ಬಿಚ್ಚಿ ಮಗು ತೋರಿಸಮ್ಮ ಎಂದರೆ ಯಾವ ತಾಯಿಯೂ ಬಿಚ್ಚುವುದಿಲ್ಲ, ಈಗ ತಾನೇ ಕಣ್ಣು ಮುಚ್ಚಿದಾನೆ ಸಿಸ್ಟರ್, ಎಬ್ಬಿಸ್ಬೇಡಿ, ಆದರೆ ಕಾಲು ಹೊರಗೇ ಇರುತ್ತದಲ್ಲ, ಅದು ತನಗೆ ಹೊಳೆದ ದಿನ ಒಗೆದ ಬಟ್ಟೆಯ ಬಕೀಟು ಕೈಯಲ್ಲೇ ಉಳಿದಿತ್ತು. ಅಳುವ ಮಗುವಿಗೆ ಎಲ್ಲರೂ ದಾರಿ ಬಿಡುತ್ತಾರೆ, ಸುಮ್ಮನಿರುವ ಮಗು ಸಾಲಿನಲ್ಲೇ ಸುಮ್ಮನೆ ಮುಗಿದುಹೋಗುತ್ತದೆ, ಇದನ್ನು ಸಾಧಿಸಿ ತೋರಿಸಬೇಕು. ಡಾಕ್ಟರ್ ಗೊಂಡ್ವೆ ಕನ್ನಡಕ ಒರೆಸುತ್ತ ಹೇಳಿದ್ದರು, ನಿಮಗೆ ಅನ್ಸುತ್ತೆ, ನನಗೂ ಅನ್ಸುತ್ತೆ, ಅನ್ಸಿದ್ದಕ್ಕೆಲ್ಲ ರಾಜಧಾನಿಯೋರು ಸಾಲಿಗೊಬ್ಬ ದಾದಿ ಕೊಡಲ್ಲ ಎನಿಫಾ, ಎರಡೂ ಥರದ ದಿನ ಪಕ್ಕಪಕ್ಕ ಇಟ್ಟು ತೋರಿಸ್ಬೇಕು, ಕಣ್ಣಿಗೆ ಬಿದ್ದ ಮಗೂನ ಬಿಡಿ ಅಂತ ಮಾತ್ರ ಹೇಳಲ್ಲ, ಎದ್ರೆ ಎದ್ದೆ ಅಂತ ಬರೀರಿ, ಮುಚ್ಚಿಡ್ಬೇಡಿ, ಆ ದಿನ ಲೆಕ್ಕದಿಂದ ಹೋಯ್ತು ಅಂದ್ಕೊಳ್ಳಿ. ಹೋದ ದಿನಗಳು ಆಗಲೇ ಬೇಕಾದಷ್ಟಿವೆ, ಮಳೆ ನಿಂತರೆ ಭೇದಿಯೂ ನಿಲ್ಲುತ್ತದೆ, ಅಧ್ಯಯನವೂ ಅರ್ಧಕ್ಕೆ ನಿಲ್ಲುತ್ತದೆ, ಕೂತಿರು, ಕೂತಿರು — ಎಡಗಾಲಿನ ಮೇಲೆ ನೊಣ, ಅಂಗಾಲಿನ ನಡುವೆ ನಡೆಯುತ್ತಿದೆ, ಹೆಬ್ಬೆಟ್ಟಿನ ಸಂದಿಗೆ ಹೋಗುತ್ತಿದೆ, ನನ್ನ ಮಗಳಾಗಿದ್ದರೆ ನಿದ್ದೆಯಲ್ಲೂ ಒದೆಯುತ್ತಿದ್ದಳು, ಈ ಬೆರಳು ಮಡಚುತ್ತಿಲ್ಲ.

ಎದ್ದಾಗಿದೆ. ಅಮ್ಮಾ, ಮಗು ಕಾಲು ಮುಟ್ಲಾ? ತಾಯಿ ಚಿಕ್ಕ ಹುಡುಗಿ, ತಮಂದಾನಿಯಂತೆ ಹೆಸರು, ಮುಟ್ಟಿ ಸಿಸ್ಟರ್, ರಾತ್ರಿಯೆಲ್ಲ ವಾಂತಿ ಭೇದಿ, ಈಗ ನಿಂತಿದೆ, ಒಳ್ಳೇ ನಿದ್ದೆ ಬಂದಿದೆ. ಅಂಗಾಲು ಕೆರೆಯ ಮೀನಿನಷ್ಟು ತಣ್ಣಗೆ, ಒತ್ತಿದಳು, ಬಿಟ್ಟಳು, ಬಿಳಿ ಗುರುತು, ಅದು ಹೋಗುತ್ತಿಲ್ಲ, ಒಳಗೆ ಬಾಮ್ಮಾ, ಈಗಲೇ, ಮುಂದಿದ್ದ ಗಂಡಸು ಅಡ್ಡ ನಿಂತ, ಇವಳ್ಯಾವ ದೊರೆಸಾನಿ, ನಾವೇನು ಬೇಲಿ ಗೂಟಗಳಾ? ನಿನ್ನೆಯ ಗೋಗೊ ಎಲ್ಲಿಂದಲೋ, ಗೂಟ ಅಲ್ಲ ತಾನೇ, ಹಂಗಾದ್ರೆ ಸರಿದುಕೋ ಮಾರಾಯ! ಒಳಗೆ, ಸೂಜಿ ಮೂರನೆಯ ಸಲಕ್ಕೆ ನರ ಹಿಡಿಯಿತು, ನೀರು ಇಳಿಯುತ್ತಿದೆ, ಗೊಂಡ್ವೆ ಬಾಟಲಿ ಎತ್ತಿ ಹಿಡಿದೇ, ಎದ್ರಾ? ಎದ್ದೆ ಡಾಕ್ಟರ್, ಬರೀತೀನಿ, ಈ ದಿನದ ಬದಲು ಇನ್ನೊಂದು ದಿನ ಕೊಡಿ. ಮಳೆ ನಿಂತ್ರೆ? ಮುಂದಿನ ಮಳೆಗೂ ಬರ್ತೀನಿ. ಬರುತ್ತಾಳೆ, ಕಾಳು ಸೀದುಹೋಗಲಿ, ಬರುತ್ತಾಳೆ, ಮಗು ಉಳಿಯುವುದು ಯಾವಳೋ ದಾದಿಯ ಕಣ್ಣಿಗೆ ನೊಣವೊಂದು ಬಿದ್ದದ್ದರಿಂದ ಆಗಬಾರದು, ಪ್ರತಿ ಸಾಲಿನಲ್ಲೂ ಪ್ರತಿ ದಿನವೂ ಒಬ್ಬಳು ನಡೆಯಬೇಕು, ಅಲ್ಲಿಯವರೆಗೆ ಬರುತ್ತಾಳೆ — ತಮಂದಾನಿ ಬರಿದಾದ ಚಿತೆಂಜೆಯನ್ನು ಎದೆಗೊತ್ತಿಕೊಂಡು ನಿಂತಿದ್ದಾಳೆ, ಸಿಸ್ಟರ್, ಮಗಳಿಗೆ ಎಚ್ಚರ ಆಗುತ್ತಾ, ಎನಿಫಾ ಅಂಗಾಲಿಗೆ ಹೆಬ್ಬೆರಳಿಟ್ಟು ಒತ್ತುತ್ತಾಳೆ, ಎತ್ತುತ್ತಾಳೆ, ಬಿಳಿ, ಮತ್ತೆ ಒತ್ತುತ್ತಾಳೆ, ಎತ್ತುತ್ತಾಳೆ, ಬಿಳಿ, ಇನ್ನೂ ಬಿಳಿ, ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು.